ದೊಡ್ಡಪ್ಪ ಹಾಡದೆ ಬಿಟ್ಟ ಸಾಲುಗಳು

ನಮ್ಮ ದೊಡ್ಡಪ್ಪನಷ್ಟು ಭಕ್ತಿಯಿಂದ ಚರ್ಚಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವ ಕ್ರೈಸ್ತರು ಇಡೀ ನವಿಮುಂಬಯಿಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ! ಹಾಡಲು ಬಾರದೆಂದಲ್ಲ. ನೆರೂಳ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಿಂದ ಅವರು ಕೂಗಿದರೆ ಸೇತುವೆಯ ಮೇಲಿದ್ದವರು ತಿರುಗಿ ನೋಡಬೇಕು, ಅಂಥ ದನಿ. ಶ್ರುತಿಯ ಮಾತು ಬೇಡ ಬಿಡಿ, ಅದು ಅವರ ದಾರಿಗೆ ಬರುತ್ತಿರಲಿಲ್ಲ, ಇವರೂ ಅದರ ದಾರಿಗೆ ಹೋಗುತ್ತಿರಲಿಲ್ಲ. ವಿಷಯ ಇಷ್ಟೇ: ಸಂಗೀತ ಪುಸ್ತಕದಲ್ಲಿ (ಚರ್ಚಿನಲ್ಲಿ ಹಾಡುವ ಸ್ತುತಿಗೀತೆಗೆ ನಮ್ಮಲ್ಲಿ ಸಂಗೀತ ಎಂದೇ ಹೆಸರು) ತನಗೆ ನಿಜವೆನಿಸದ ಸಾಲು ಬಂದರೆ ದೊಡ್ಡಪ್ಪ ಅದನ್ನು ಹಾಡುತ್ತಿರಲಿಲ್ಲ. ನಿಜವೆನಿಸಿದ್ದನ್ನು ಮಾತ್ರ ಸೂರು ಹಾರಿಹೋಗುವಂತೆ ಹಾಡುತ್ತಿದ್ದರು.

ಪರಿಣಾಮ ಏನಾಗುತ್ತಿತ್ತು ಊಹಿಸಿ! ಎರಡು ಸಾಲು ಗುಡುಗು, ಒಂದು ಸಾಲು ಮೌನ, ಮತ್ತೆ ಅರ್ಧ ಸಾಲು ಗುಡುಗು. ಕೀಬೋರ್ಡ್ ನುಡಿಸುವ ಹುಡುಗಿ ಕರೆಂಟು ಹೋಯಿತೇನೋ ಎಂದು ಪ್ಲಗ್ ನೋಡುತ್ತಿದ್ದಳು.

"ಎಲ್ಲರ ಹಾಗೆ ನೀವೂ ಹಾಡಿದ್ರೆ ಎಂತ ಆಗ್ತದೆ ಮಾರಾಯ್ರೆ?" ಎಂದು ದೊಡ್ಡಮ್ಮ ಗದರಿದರೆ ಅವರ ಉತ್ತರ ಸಿದ್ಧವಿತ್ತು: "ದೇವರ ಎದುರು ನಿಂತು ಸುಳ್ಳು ಹೇಳುವುದಾ? ಅದೂ ರಾಗವಾಗಿ?"

ತುರ್ಭೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡಿ ಪಾಸ್ ಮಾಡುವುದು ಅವರ ಕೆಲಸ. ಅಲ್ಲಿ ನಟ್ಟು ಬೋಲ್ಟುಗಳಿಗೆ ತೋರಿಸುತ್ತಿದ್ದ ನಿಷ್ಠುರತೆಯನ್ನೇ ಭಾನುವಾರ ಸಂಗೀತಗಳಿಗೂ ತೋರಿಸುತ್ತಿದ್ದರು ಎಂದು ನಮ್ಮಪ್ಪ ನಗುತ್ತಿದ್ದರು.

ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡ ಇರಲಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ, ತಮಿಳರದ್ದು ಶುರುವಾಗುವ ಮೊದಲು, ನಡುವೆ ಸಿಕ್ಕಿದ ಹೊತ್ತಿನಲ್ಲಿ ನಮ್ಮ ಆರಾಧನೆ. ನಾವು ಡೊಂಬಿವಲಿಯಿಂದ ಠಾಣೆಯಲ್ಲಿ ಗಾಡಿ ಬದಲಿಸಿ ಬರುತ್ತಿದ್ದೆವು. ಆರಾಧನೆ ಮುಗಿದದ್ದೇ ದೊಡ್ಡಪ್ಪ ಬಾಗಿಲಲ್ಲಿ ಅಯ್ಯನವರನ್ನು, ಅಂದರೆ ನಮ್ಮ ಪಾದ್ರಿಗಳನ್ನು, ಅಡ್ಡಗಟ್ಟುತ್ತಿದ್ದರು. "ಅಯ್ಯನವರೇ, ಮೂರನೇ ಚರಣದಲ್ಲಿ 'ಲೋಕವೆಲ್ಲ ಕಸದ ಹಾಗೆ' ಅಂತ ಹಾಡ್ಸಿದ್ರಿ. ನಿಮ್ಗೆ ಹೌದಾ ಹಾಗೆ ಕಾಣ್ತದೆ? ಮೊನ್ನೆ ನಮ್ಮಲ್ಲಿ ಕೋರಿರೊಟ್ಟಿ ಚೆನ್ನಾಗುಂಟು ಅಂತ ಎರಡು ಸಲ ಬಡಿಸಿಕೊಂಡ್ರಿ!" ಹೊರಗೆ ತಮಿಳರು ಪುಸ್ತಕ ಹಿಡಿದು ಕಾಯುತ್ತಿದ್ದರು. ಅಯ್ಯನವರು ಗಡಿಯಾರ ನೋಡಿ ಜಾರಿಕೊಳ್ಳುತ್ತಿದ್ದರು.

ದೊಡ್ಡಪ್ಪ ನೆರೂಳದಲ್ಲಿ ಹೊಸ ಫ್ಲ್ಯಾಟ್ ಕೊಂಡಾಗ ಮನೆಪ್ರವೇಶದ ಪ್ರಾರ್ಥನೆ ನಡೆಯಿತು. ನಮ್ಮಲ್ಲಿ ಯಾರ ಮನೆಯಲ್ಲಿ ಪ್ರಾರ್ಥನಾ ಕೂಟವೋ ಆ ಮನೆಯವರೇ ಸಂಗೀತ ಆರಿಸುವುದು ಪದ್ಧತಿ. ದೊಡ್ಡಮ್ಮ ಆಸೆಯಿಂದ ಆರಿಸಿದ್ದರು: 'ಮನೆಯೂ ನಿನ್ನದು, ಬಾಗಿಲೂ ನಿನ್ನದು, ಕೀಲಿಯೂ ನಿನ್ನ ಕೈಯಲಿ.' ಬಂದವರೆಲ್ಲ ಹಾಡಿದರು. ಮನೆಯ ಯಜಮಾನರು ಮನೆ, ಬಾಗಿಲು ಎರಡನ್ನೂ ಗುಡುಗಿ, ಕೀಲಿಯ ಹತ್ತಿರ ಬಂದು ಬಾಯಿ ಮುಚ್ಚಿದರು.

ಅಯ್ಯನವರಿಗೇ ತಡೆಯಲಾಗಲಿಲ್ಲ. "ಕೀಲಿಗೆ ಎಂತ ಆಯ್ತು?"

"ಒಂದು ಸೆಟ್ ನನ್ನ ಜೇಬಲ್ಲುಂಟು. ಇನ್ನೊಂದನ್ನು ಬಿಲ್ಡರ್ ಇನ್ನೂ ಕೊಟ್ಟಿಲ್ಲ. ದೇವರ ಕೈಯಲ್ಲಿ ಯಾವುದು ಹೇಳಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತಾ ನನ್ನ ಹತ್ತಿರ ಹೇಳಿದರು. "ಮದುವೆಯಾಗಿ ಬಂದಾಗಿಂದ ನಂಗೆ ಒಂದೇ ಆಸೆ ಮಗಾ. ಒಂದು ಸಂಗೀತವನ್ನಾದ್ರೂ ಇವ್ರು ನನ್ನೊಟ್ಟಿಗೆ ಮೊದಲಿಂದ ಕೊನೆವರೆಗೆ ಹಾಡ್ಬೇಕು. ಒಂದು ಸಾಕು. ಪಕ್ಕದಲ್ಲಿ ನಿಂತು ನಾನೊಬ್ಳೇ ಹಾಡುವಾಗ ಇವ್ರು ಎಲ್ಲಿಯೋ ಹಿಂದೆ ಉಳಿದ ಹಾಗೆ ಆಗ್ತದೆ." ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಣ್ಣೆಯ ಹೊಗೆ ಎಂದುಕೊಳ್ಳಲು ನಾನೇನು ಚಿಕ್ಕವಳಾಗಿರಲಿಲ್ಲ.

ಹಾಗೆಂದು ದೊಡ್ಡಪ್ಪ ಸುಮ್ಮನೆ ಕೂರುವ ಪೈಕಿಯೂ ಅಲ್ಲ! ಒಂದು ಭಾನುವಾರ, ಎಷ್ಟೋ ವರ್ಷಗಳಿಂದ ಬಿಡುತ್ತಾ ಬಂದಿದ್ದ 'ಹಗೆಯವನನೂ ಅಪ್ಪಿಕೊಳ್ಳುವೆ' ಎಂಬ ಸಾಲನ್ನು ಇದ್ದಕ್ಕಿದ್ದಂತೆ ಹಾಡಿಬಿಟ್ಟರು. ಮುಂದಿನ ಬೆಂಚಿನವರು ಬೆಚ್ಚಿಬಿದ್ದರು. ಆಮೇಲೆ ವಿಚಾರಿಸಿದರೆ, ನೀರಿನ ಟ್ಯಾಂಕಿನ ಜಗಳದಲ್ಲಿ ಮಾತು ಬಿಟ್ಟಿದ್ದ ಸೊಸೈಟಿಯ ಸೆಕ್ರೆಟರಿಯ ಮನೆಗೆ ಹಿಂದಿನ ಸಂಜೆ ಹೋಗಿದ್ದರಂತೆ.

"ಹೋಗಿ ಎಂತ ಮಾಡಿದ್ರಿ?"

"ಮತ್ತೆಂತ ಮಾಡುವುದು? ಸಾಲಲ್ಲಿ ಇದ್ದದ್ದನ್ನೇ ಮಾಡಿದೆ. ಅಪ್ಪಿಕೊಂಡೆ. ಪಾಪ, ನಂಗೆ ಎಂತ ಆಯ್ತೋ ಅಂತ ಹೆದರಿ 'ಕಾಯ್ ಝಾಲಂ, ಕಾಯ್ ಝಾಲಂ' ಅಂತ ಕೇಳ್ತಾ ಹೆಂಡತಿಯನ್ನು ಕರೆದ್ರು. ಮತ್ತೆ ಚಾ ಕೊಟ್ರು."

ಅಂದರೆ ನೋಡಿ, ನಾವೆಲ್ಲ ಹಾಡಿ ಮರೆಯುತ್ತಿದ್ದೆವು, ಅವರು ಮಾಡಿ ಹಾಡುತ್ತಿದ್ದರು. ಹೀಗೆ ಒಂದೊಂದೇ ಸಾಲು ಅವರ ವಶವಾಗುತ್ತಾ ಬಂತು. ಆದರೆ 'ಭಯವಿಲ್ಲ', 'ಚಿಂತೆಯಿಲ್ಲ' ಎನ್ನುವ ಸಾಲುಗಳು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. "ನಂಗೆ ಭಯ ಉಂಟಲ್ಲ, ಹೇಗೆ ಹಾಡ್ಲಿ?" ಎನ್ನುತ್ತಿದ್ದರು. ಅಂಥ ಸಾಲಿಲ್ಲದ ಸಂಗೀತ ನಮ್ಮ ಪುಸ್ತಕದಲ್ಲಿ ಹುಡುಕಿದರೂ ಸಿಗದು. ಹಾಗಾಗಿ ದೊಡ್ಡಮ್ಮನ ಆಸೆ ಆಸೆಯಾಗಿಯೇ ಉಳಿಯಿತು.

ಅಷ್ಟರಲ್ಲಿ ದೊಡ್ಡಮ್ಮನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ದೊಡ್ಡಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು.

ಅವರಿಬ್ಬರೂ ಮತ್ತೆ ಚರ್ಚಿಗೆ ಬಂದ ಭಾನುವಾರ ನಾನು ಹಿಂದಿನ ಬೆಂಚಿನಲ್ಲಿದ್ದೆ. ಸಂಗೀತ ಶುರುವಾಯಿತು. ದೊಡ್ಡಮ್ಮ ಎದ್ದು ನಿಂತು, ಪುಸ್ತಕ ಬಿಡಿಸಿ ಬಾಯಿ ತೆರೆದರು. ಬರೀ ಉಸಿರು ಬಂತು. ಪುಸ್ತಕ ಮುಚ್ಚಿಬಿಟ್ಟರು. ದೊಡ್ಡಪ್ಪ ಆ ಪುಸ್ತಕವನ್ನು ಮತ್ತೆ ಬಿಡಿಸಿ, ಇಬ್ಬರ ನಡುವೆ ಹಿಡಿದು ಹಾಡತೊಡಗಿದರು. ಮೊದಲನೆಯ ಸಾಲು, ಎರಡನೆಯದು, ಮೂರನೆಯದು. 'ಭಯವಿಲ್ಲ' ಬಂತು, ಅದನ್ನೂ ಹಾಡಿದರು! ಶ್ರುತಿ ಎಲ್ಲೋ, ಅವರೆಲ್ಲೋ. ಒಂದೇ ಒಂದು ಸಾಲು ಬಿಡಲಿಲ್ಲ. ದೊಡ್ಡಮ್ಮನ ತುಟಿ ಮಾತ್ರ ಬಿಗಿದೇ ಇತ್ತು, ಕಣ್ಣು ಸುರಿಯುತ್ತಿತ್ತು.

ಹೊರಗೆ ಬಂದಾಗ ಕೇಳಿದೆ. "ದೊಡ್ಡಪ್ಪ, ಎಲ್ಲ ಸಾಲೂ ಪಾಸಾ ಇವತ್ತು?"

"ಇಲ್ಲ ಮಗಾ. ಇವತ್ತು ನಾನು ಹಾಡಿದ್ದು ನಿನ್ನ ದೊಡ್ಡಮ್ಮನ ಪಾಲಿಂದು. ಅವಳಿಗೆ ಅದೆಲ್ಲ ನಿಜವೇ. ಅವಳ ಬಾಯಿ ಅಷ್ಟೇ ನಾನು."

ಅಂದಿನಿಂದ ಪ್ರತಿ ಭಾನುವಾರ ದೊಡ್ಡಮ್ಮನ ಪಾಲಿನದು ಎಂದೇ ಹಾಡುತ್ತಾ ಬಂದರು. ನಗುತ್ತಿದ್ದವರು ಈಗ ಅವರ ಅಪಶ್ರುತಿಗೆ ತಮ್ಮ ದನಿ ತಗ್ಗಿಸಿ ದಾರಿ ಬಿಡತೊಡಗಿದರು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ನೆರೂಳಕ್ಕೆ ಹೋದಾಗ ಮನೆಯ ಬಾಗಿಲು ತೆರೆದೇ ಇತ್ತು. ದೊಡ್ಡಮ್ಮ ಮೀನು ತರಲು ಹೋಗಿದ್ದರು. ದೊಡ್ಡಪ್ಪ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದರು: 'ನಾಳೆಯ ದಾರಿ ಕಾಣದಿದ್ದರೂ ನಿನ್ನ ಜೊತೆಗೆ ನಡೆವೆನು.' ಗುಡುಗಲ್ಲ, ಮೆಲ್ಲಗೆ.

"ದೊಡ್ಡಮ್ಮ ಮನೆಯಲ್ಲೇ ಇಲ್ಲ. ಈಗ ಯಾರ ಪಾಲಿಂದು ಹಾಡ್ತಾ ಇದ್ದೀರಿ?" ಎಂದೆ.

ಅವರು ನಲ್ಲಿ ನಿಲ್ಲಿಸಿದರು. ಕೈಯಲ್ಲಿದ್ದ ಲೋಟವನ್ನು ಕಾರ್ಖಾನೆಯ ಮಾಲಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ನನ್ನದೇ ಇರ್ಬೇಕು ಮಗಾ," ಎಂದರು. ಕಣ್ಣು ತುಂಬಿತ್ತು. ಲೋಟ ಬೋರಲು ಹಾಕಿ, ಆ ಸಂಗೀತವನ್ನೇ ಮತ್ತೆ ಮೊದಲಿನಿಂದ ಹಿಡಿದರು.

ಬೆನ್ನ ಹಿಂದೆ ಸದ್ದಾಯಿತೆಂದು ತಿರುಗಿದರೆ, ದೊಡ್ಡಮ್ಮ ಮೀನಿನ ಚೀಲ ನೆಲಕ್ಕಿಟ್ಟು, ಚಪ್ಪಲಿ ಕಳಚುವುದನ್ನೂ ಮರೆತು, ಬಾಗಿಲಲ್ಲೇ ನಿಂತಿದ್ದರು. ಅವರ ತುಟಿ ಆಡುತ್ತಿತ್ತು. ದೊಡ್ಡಪ್ಪ ಅವರನ್ನು ನೋಡಿದರು, ನಿಲ್ಲಿಸಲಿಲ್ಲ. ಒಂದು ಸಾಲೂ ಬಿಡದೆ, ಕೊನೆಯ ಚರಣದ ಕೊನೆಯವರೆಗೆ, ಇಬ್ಬರೂ ಹಾಡಿದರು.