ಎರಡಿಂಚು ದೊಡ್ಡ ಗಾಜಿನ ಟ್ರೇ

"ಈ ಸಲ ಅತ್ತೆ ಹುಟ್ಟುಹಬ್ಬಕ್ಕೆ ಕೇಕ್ ನಂದೇ! ಅದೂ ವಿಷ ಇಲ್ಲದ ಪಾತ್ರೇಲಿ!" ಎಂದು ಚಿಕ್ಕ ಸೊಸೆ ಕತ್ತರಿ ಎತ್ತಿ ಹಿಡಿದು ಘೋಷಿಸಿದಾಗ, ಗಂಡ ಪೇಪರಿನ ಹಿಂದೆ ತಲೆ ಮರೆಸಿಕೊಂಡ.

ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ನಡೆಸುವ ಆಕೆಗೆ ವಾರದಿಂದ ಹೊಟ್ಟೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಗಿತ್ತು. ಕಾರಣ, ವಾರಗಿತ್ತಿ! ಗಾಜಿನ ಟ್ರೇ ಕೊಂಡು, ಕೇಕ್ ಮಾಡಿ ಅತ್ತೆಯ ಮುಂದಿಟ್ಟು, "ಕಪ್ಪು ಲೇಪ ಎದ್ದ ನಾನ್‌ಸ್ಟಿಕ್ ಟಿನ್ನಲ್ಲಿ ನಾನಂತೂ ಮಾಡಲ್ಲಪ್ಪ. ಅದೆಲ್ಲ ಹೊಟ್ಟೆಗೇ ತಾನೇ ಹೋಗೋದು?" ಎಂದಿದ್ದಳು. ಅತ್ತೆ, "ದೊಡ್ಡವಳಿಗೆ ಎಷ್ಟು ಕಾಳಜಿ!" ಎಂದುಬಿಟ್ಟರು. ಚಿಕ್ಕವಳ ಟಿನ್ನೋ, ಅರ್ಧ ಬೋಳಾಗಿತ್ತು!

ವಾರಗಿತ್ತಿ ಟ್ರೇ ಕೊಂಡ ಅಂಗಡಿಗೇ ಧಾವಿಸಿದಳು. ಅಂಗಡಿಯವನು ಸ್ಟೀಲ್ ಟ್ರೇ ತೋರಿಸಿದ. "ಇದು ತಗೊಳ್ಳಿ ಅಮ್ಮ. ಲೇಪವೇ ಇಲ್ಲ, ಬಿದ್ರೂ ಒಡೆಯಲ್ಲ."

"ನಮ್ಮಕ್ಕ ಒಯ್ದ ಗಾಜಿಂದು ಎಷ್ಟುದ್ದ?"

"ಹನ್ನೆರಡಿಂಚು."

"ಹದಿನಾಲ್ಕು ಕೊಡಿ!"

ಹುಟ್ಟುಹಬ್ಬದ ದಿನ ಹಿಟ್ಟು ಸುರಿದು ಟ್ರೇಯನ್ನು ಓವನ್ನಿಗೆ ತಳ್ಳಿದರೆ ಬಾಗಿಲೇ ಮುಚ್ಚಲೊಲ್ಲದು! ಓರೆ ಮಾಡಿದಳು, ತಿರುಗಿಸಿದಳು, ಬೈದಳು. ಟ್ರೇಯ ಮೂತಿ ಹೊರಗೇ! ಊರವರ ಸೊಂಟವನ್ನೆಲ್ಲ ಅಳೆದವಳು ತನ್ನ ಓವನ್ನಿನ ಹೊಟ್ಟೆ ಅಳೆದಿರಲಿಲ್ಲ.

"ರೀ, ಬನ್ನಿ! ಬಾಗಿಲು ಒತ್ತಿ ಹಿಡ್ಕೊಳ್ಳಿ!"

"ಎಷ್ಟು ಹೊತ್ತೇ?"

"ಕೇಕ್ ಬೇಯೋವರೆಗೂ!"

ಆತ ಸ್ಟೂಲ್ ಎಳೆದುಕೊಂಡು, ಕೈಗೆ ಟವೆಲ್ ಸುತ್ತಿ ಮುಕ್ಕಾಲು ಗಂಟೆ ಕೂತ. ಕೇಕಿಗಿಂತ ಮೊದಲು ಅವನೇ ಬೆಂದ. ಕೇಕಿನ ಹಿಂದಿನ ತುದಿ ಇದ್ದಿಲು, ಮುಂದಿನದು ಹಸಿ ಹಿಟ್ಟು! ಅಷ್ಟರಲ್ಲಿ ಕಾಲಿಂಗ್ ಬೆಲ್. ಗಾಬರಿಯಲ್ಲಿ ಟ್ರೇ ಎಳೆದು, ಆಗಷ್ಟೇ ಒರೆಸಿದ್ದ ಒದ್ದೆ ಕಟ್ಟೆಯ ಮೇಲಿಟ್ಟಳು.

ಫಟಾರ್!

ಸದ್ದಿಗೆ ಅತ್ತೆ, ಹಿಂದೆ ವಾರಗಿತ್ತಿ ತೆರೆದೇ ಇದ್ದ ಟೈಲರಿಂಗ್ ಕೋಣೆ ದಾಟಿ ಅಡುಗೆಮನೆಗೇ ನುಗ್ಗಿದರು. ಅತ್ತೆ ಗಾಜಿನ ಚೂರು, ಕೇಕಿನ ಚೂರು ಎರಡನ್ನೂ ನೋಡಿ, "ಹೋಗ್ಲಿ ಬಿಡು. ಯಾರೂ ತಿನ್ನೋಕೇ ಆಗಲ್ಲ. ಇದಕ್ಕಿಂತ ಸುರಕ್ಷಿತವಾದ ಕೇಕ್ ಎಲ್ಲಿದೆ!" ಎಂದು ನಕ್ಕರು.

ವಾರಗಿತ್ತಿ ನಗಲಿಲ್ಲ. ಪೊರಕೆ ತಂದು ಗುಡಿಸತೊಡಗಿದಳು. ಚಿಕ್ಕವಳಿಗೆ ಅಳುವೇ ಬಂತು. "ಅಕ್ಕಾ, ನಿಮ್ಮ ಟ್ರೇ ನೋಡಿ ಹೊಟ್ಟೆ ಉರೀತು. ಅದಕ್ಕೇ ಇಷ್ಟೆಲ್ಲ..."

ವಾರಗಿತ್ತಿಯ ಕಣ್ಣು ಸ್ಟೂಲಿನತ್ತ ಹೋಯಿತು. ಮೈದುನ ಕೆಂಪುಕೆಂಪಾಗಿ, ಖಾಲಿ ಓವನ್ನಿನ ಬಾಗಿಲನ್ನು ಇನ್ನೂ ಒತ್ತಿ ಹಿಡಿದೇ ಕೂತಿದ್ದ.

"ನಂಗೆ ಈಗ ಉರೀತಿದೆ ಕಣೇ," ಎಂದಳು ಆಕೆ. "ನಮ್ಮನೆಯವ್ರಿಗೆ ಓವನ್ನಿಗೆ ಬಾಗಿಲಿದೆ ಅಂತಾನೇ ಗೊತ್ತಿಲ್ಲ!"