ಆರು ಗಂಟೆಯವರೆಗಿನ ಗುಟ್ಟು

ಭಾನುವಾರ ಹಾಡುಹಗಲಲ್ಲಿ ಕದ ಹಾಕಿ ಒಳಗಿನಿಂದ ಚಿಲಕ ಜಡಿದದ್ದೇ ಮಲ್ಲಿಕಾರ್ಜುನ ಮಾಡಿದ ತಪ್ಪು. ನಂಜನಗೂಡಿನ ಆ ವಠಾರದಲ್ಲಿ ಹಗಲು ಕದ ಹಾಕಿದ್ದರೆ ಮನೆಯವರು ಊರಿಗೆ ಹೋಗಿರಬೇಕು, ಇಲ್ಲವೇ ಗಂಡಹೆಂಡಿರಿಗೆ ಜಗಳವಾಗಿರಬೇಕು. ಮೂರನೆಯ ಕಾರಣವೊಂದು ಇದ್ದೀತೆಂದು ಅಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಈ ಮೇಷ್ಟರಿಗೆ ಇದ್ದದ್ದು ಮೂರನೆಯ ಕಾರಣವೇ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಎಲ್ಲವನ್ನೂ ಆಳುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರಲ್ಲಿ ಅವನು ಒಂದು ತೂತು ಪತ್ತೆ ಮಾಡಿದ್ದ. ಬಾಡಿಗೆಗೆ ಬಂದವನು ಹಿತ್ತಿಲಿನಿಂದ ನುಗ್ಗಿ ಮನೆ ಯಜಮಾನನ ಬೀರುವನ್ನೇ ತೆಗೆಯಬಹುದಾದಂಥ ತೂತು. ಅದಕ್ಕೆ ತೇಪೆಯನ್ನೂ ತಾನೇ ಬರೆದು, ಜರ್ಮನಿಯಲ್ಲಿ ಕೂತು ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿದ್ದ. ಅವರು ಭೇಷ್ ಎಂದರು. ಜೊತೆಗೆ, ತೇಪೆ ಎಲ್ಲರ ಕೈ ಸೇರುವುದು ಭಾನುವಾರ ನಿಮ್ಮ ಸಂಜೆ ಆರಕ್ಕೆ, ಅಲ್ಲಿಯವರೆಗೆ ಒಬ್ಬರಿಗೂ ಬಾಯಿ ಬಿಡಬೇಡಿ, ಮೊದಲೇ ಗೊತ್ತಾದರೆ ಕಳ್ಳರು ನುಗ್ಗುತ್ತಾರೆ ಎಂದೂ ತಾಕೀತು ಮಾಡಿದರು. ಮಲ್ಲಿಕಾರ್ಜುನ ಮಾತು ಕೊಟ್ಟ. ಪಾಪ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕಾಯಿಲೆ ಅವನಿಗೆ ಚಿಕ್ಕಂದಿನಿಂದಲೂ ಇತ್ತು.

ತೇಪೆಯನ್ನು ಕೊನೆಯದಾಗಿ ಒಮ್ಮೆ ಪರೀಕ್ಷಿಸುವುದು ಬಾಕಿಯಿತ್ತು. ಕದ ತೆರೆದಿಟ್ಟು ಆ ಕೆಲಸ ಮಾಡುವಂತಿರಲಿಲ್ಲ. ಎದುರು ಮನೆಯ ಹುಚ್ಚಯ್ಯನವರು ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು. ಹೇಳದೆ ಕೇಳದೆ ಒಳಗೆ ಬಂದು, ಬೆನ್ನ ಹಿಂದೆ ನಿಂತು, ಪರದೆಯ ಮೇಲಿದ್ದದ್ದನ್ನೆಲ್ಲ ಬೀದಿಗೆ ಕೇಳುವಂತೆ ಓದುತ್ತಿದ್ದರು.

ಮೊದಲು ಕದ ಬಡಿದವರು ಮನೆ ಒಡತಿ ಗುರುಸಿದ್ದಮ್ಮ.

"ಏನ್ ಮೇಷ್ಟ್ರೇ, ಅಗಲೊತ್ತಲ್ಲೇ ಕದ ಆಕ್ಕೊಂಡು ಏನ್ ಮಾಡ್ತಿದ್ದೀರಿ?"

ಸುಳ್ಳು ಹೇಳಿ ರೂಢಿಯಿಲ್ಲದ ಮಲ್ಲಿಕಾರ್ಜುನ ಒಳಗಿನಿಂದಲೇ, "ಏನಿಲ್ಲ ಕಣಮ್ಮ, ಒಂದ್ ತೂತು ಮುಚ್ತಾ ಇದೀನಿ. ಮಿಕ್ಕಿದ್ದು ಆರ್ ಗಂಟೆ ಮೇಲೆ ಹೇಳ್ತೀನಿ," ಎಂದುಬಿಟ್ಟ.

ಬಾಡಿಗೆ ಮನೆಯ ಒಡತಿಗೆ ಹೇಳಬಾರದ ಮಾತೆಂದರೆ ಇದೇ. ಗುರುಸಿದ್ದಮ್ಮ ಸೆರಗು ಬಿಗಿದು ಹೋಗಿ ಗಾರೆ ಕೆಲಸದ ಮರಿಯಯ್ಯನನ್ನು ಊಟದ ತಟ್ಟೆಯ ಮುಂದಿನಿಂದಲೇ ಎಬ್ಬಿಸಿಕೊಂಡು ಬಂದರು. ಕದ ತೆರೆಯಲೇಬೇಕಾಯಿತು. ಮರಿಯಯ್ಯ ಸುತ್ತಿಗೆ ಹಿಡಿದು ನಡುಮನೆ, ಕೋಣೆ, ಬಚ್ಚಲು ಎಲ್ಲ ಕಡೆ ಗೋಡೆ ಬಡಿದು ನೋಡಿದ.

"ಕಲ್ಲಿದ್ದಂಗದೆ ಕಣವ್ವ. ಎಲ್ಲೂ ತೂತಿಲ್ಲ," ಎನ್ನುತ್ತ ಕೊನೆಯದಾಗಿ ಅಡಿಗೆಮನೆಯಲ್ಲಿ ಒಂದೇಟು ಹಾಕಿದ. ಹಪ್ಪಳದಷ್ಟಗಲ ಗಾರೆ ಸಾರಿನ ಪಾತ್ರೆಯೊಳಕ್ಕೆ ಉದುರಿತು. ಅದರ ರಿಪೇರಿ ಬಾಡಿಗೆದಾರನದೇ ಎಂದು ಅಲ್ಲೇ ತೀರ್ಮಾನವೂ ಆಯಿತು.

ಅಷ್ಟರಲ್ಲಿ ಬಾಗಿಲಲ್ಲಿ ವಠಾರವೇ ನೆರೆದಿತ್ತು. ಹುಚ್ಚಯ್ಯನವರು ನಶ್ಯ ಏರಿಸಿ, "ನೋಡಿ, ಸರ್ವೀಸೆಲ್ಲ ಬರೀ ಪಂಚನಾಮೆ ಮಾಡ್ದೋನು ನಾನು. ತೂತು ಗೋಡೇಲಿಲ್ಲ ಅಂದ್ರೆ ಸಂಸಾರದಲ್ಲಿ ಅದೆ," ಎಂದು ವರದಿ ಒಪ್ಪಿಸಿದರು.

ದೇವಸ್ಥಾನದಿಂದ ಬಂದ ರುದ್ರಾಣಿಯ ಕಿವಿಗೆ ಗಂಡನ ಸಂಗತಿ ಬಿದ್ದದ್ದು ಆ ರೂಪದಲ್ಲಿ. ಅವಳು ಜನರನ್ನು ಸರಿಸಿ ಒಳಗೆ ಬಂದು ಮೆಲ್ಲಗೆ ಕೇಳಿದಳು.

"ಏನ್ರೀ ಅದು? ನನ್ಗಾದ್ರೂ ಹೇಳಿ."

"ಆರ್ ಗಂಟೆಗೆ ಹೇಳ್ತೀನಿ ಕಣೆ. ಈಗ ನಿನ್ಗೆ ಹೇಳಿದ್ರೆ ಗುರುಸಿದ್ದಮ್ಮನಿಗೆ ಗೊತ್ತಾಗ್ಬಿಡುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರುದ್ರಾಣಿಯ ಕಣ್ಣಲ್ಲಿ ನೀರು ತುಂಬಿತು.

"ಅಂದ್ರೆ ನನ್ ಬಾಯೇ ತೂತು ಅಂತೀರಾ? ಮದ್ವೆ ಆದಾಗಿಂದ ನಿಮ್ಮಿಂದ ಏನಾದ್ರೂ ಮುಚ್ಚಿಟ್ಟಿದ್ದೀನೇನ್ರೀ ನಾನು? ನನ್ ನಂಬ್ದೇ ಇರೋರ ಮನೇಲಿ ನಾನ್ ಇರಲ್ಲ. ಸೋಸಲೆಗೆ, ನಮ್ಮಪ್ಪನ ಮನೆಗೆ ಹೋಗ್ತೀನಿ."

ಮಲ್ಲಿಕಾರ್ಜುನ ಅವಳಿಗೆ ಅಡ್ಡ ನಿಂತ. ಹಿಂದೊಮ್ಮೆ ಹೀಗೇ ಮುನಿಸಿಕೊಂಡು ತವರಿಗೆ ಹೋದವಳು ಗೌರಿ ಹಬ್ಬಕ್ಕೆ ಹೊರಟು ದೀಪಾವಳಿಗೆ ಬಂದಿದ್ದಳು. ಅವಳಿಲ್ಲದ ಮನೆ ಅವನಿಗೆ ಮನೆ ಅನ್ನಿಸುತ್ತಲೇ ಇರಲಿಲ್ಲ. ಸಂಜೆಯವರೆಗೂ ಬೇಡಿದ, ಗೋಗರೆದ. ಗುಟ್ಟೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳಿದ. ಅವಳಿಗೆ ಬೇಕಾಗಿದ್ದದ್ದು ಆ ಒಂದೇ. ಬ್ಯಾಗು ಹಿಡಿದು ಹೊರಟೇಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಸೋಸಲೆ ಕಡೆಗೆ ಹೋಗುವ ತಿರುಮಕೂಡಲು ನರಸೀಪುರದ ಬಸ್ಸು ಹೊರಡಲು ನಿಂತಿತ್ತು. ರುದ್ರಾಣಿ ಕಿಟಕಿ ಪಕ್ಕದ ಸೀಟು ಹಿಡಿದು ಮುಖ ತಿರುಗಿಸಿ ಕೂತಳು. ಹಿಂದೆಯೇ ಗುರುಸಿದ್ದಮ್ಮ, ಹುಚ್ಚಯ್ಯ, ಕೂಲಿ ಬರದೆ ಬಿಡದ ಮರಿಯಯ್ಯ ಎಲ್ಲ ಬಂದಿದ್ದರು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಲ್ಲಿಕಾರ್ಜುನ ಹೋಟೆಲಿಗೆ ಓಡಿ ಡ್ರೈವರಿಗೆ ಒಂದು ಪ್ಲೇಟು ಬೋಂಡ ಕೊಡಿಸಿದ. ಅದು ಮುಗಿಯಿತೆನ್ನುವಾಗ ಇನ್ನೊಂದು ಪ್ಲೇಟು ಕೊಡಿಸಿದ.

"ಸಾಕು ಬುಡಿ ಸಾ, ಒಟ್ಟೆ ಒಡ್ದೋಯ್ತದೆ," ಎಂದು ಡ್ರೈವರು ಕೈ ತೊಳೆದುಕೊಂಡು ಹೋಗಿ ಬಸ್ಸೇರಿದ. ಎಂಜಿನ್ನು ಗುಡುಗಿತು. ಕಂಡಕ್ಟರು ಸೀಟಿ ಬಾಯಿಗಿಟ್ಟ. ಅಷ್ಟರಲ್ಲಿ ಮೊಬೈಲಿನಲ್ಲಿ ಆರು ಗಂಟೆಯಾಯಿತು.

ಮಲ್ಲಿಕಾರ್ಜುನ ಕಿಟಕಿಯ ಸರಳು ಹಿಡಿದುಕೊಂಡು, ಕರ್ನಲ್ಲು, ಅದರ ತೂತು, ತೇಪೆ, ಜರ್ಮನಿ, ಕೊಟ್ಟ ಮಾತು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಬಸ್ಸಿಗೆ ಬಸ್ಸೇ ಕಿವಿಗೊಟ್ಟು ಕೇಳಿತು.

"ಇಷ್ಟೇನಾ ಸಾ?" ಎಂದ ಕಂಡಕ್ಟರು. ಹುಚ್ಚಯ್ಯನವರು, "ಇದೆಲ್ಲ ಕಟ್ಟುಕತೆ ಕಣ್ರೀ. ಅಸಲು ವಿಷ್ಯ ಬೇರೇನೇ ಅದೆ," ಎಂದು ತಲೆಯಾಡಿಸಿದರು.

ರುದ್ರಾಣಿ ಗಂಡನ ಬೆವತ ಮುಖವನ್ನು ನೋಡಿದಳು. "ನಾನ್ ನಂಬ್ತೀನಿ. ಸುಳ್ಳು ಹೇಳೋರು ಇದ್ಕಿಂತ ಚೆನ್ನಾಗ್ ಹೇಳ್ತಾರೆ," ಎಂದು ನಕ್ಕು, ಬ್ಯಾಗು ಎತ್ತಿಕೊಂಡು ಇಳಿದು ಬಂದಳು. ಮಲ್ಲಿಕಾರ್ಜುನನಿಗೆ ಹೋದ ಜೀವ ಬಂದಂತಾಯಿತು.

"ಆ ನಂಜುಂಡೇಶ್ವರನಾಣೆ ಕಣೆ, ಇನ್ಮೇಲೆ ನಿನ್ನಿಂದ ಏನೂ ಮುಚ್ಚಿಡಲ್ಲ."

ಅಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ಜರ್ಮನಿಯವನು. ಕಷ್ಟದ ಇಂಗ್ಲಿಷಿನಲ್ಲಿ ಅಭಿನಂದನೆ ಹೇಳಿದ. ತೂತು ಚೆನ್ನಾಗಿ ಮುಚ್ಚಿದೆ, ಆದರೆ ನಿಮ್ಮ ತೇಪೆ ಹೊಲಿದ ಜಾಗದಲ್ಲೇ ಪಕ್ಕಕ್ಕೆ ಇನ್ನೊಂದು ಹರಿದಿದೆ, ಅದು ಮೊದಲಿನದಕ್ಕಿಂತ ದೊಡ್ಡದು, ಬರುವ ಭಾನುವಾರದವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ ಎಂದ. ಮಲ್ಲಿಕಾರ್ಜುನನ ಬಾಯಿಂದ ಅಭ್ಯಾಸಬಲದಿಂದ ಆಗಲಿ ಎಂಬ ಮಾತು ಹೊರಟುಹೋಗಿತ್ತು.

"ಯಾರ್ರೀ ಅದು? ಏನಂತೆ?" ಎಂದಳು ರುದ್ರಾಣಿ.

ಗುರುಸಿದ್ದಮ್ಮ ಹತ್ತಿರ ಬಂದರು. ಹುಚ್ಚಯ್ಯನವರು ನಶ್ಯದ ಡಬ್ಬಿ ತೆಗೆದರು. ಮಲ್ಲಿಕಾರ್ಜುನ ಮೊಬೈಲನ್ನು ಜೇಬಿಗಿಳಿಸಿದ.

"ಅದೂ... ಬರೋ ಭಾನ್ವಾರ ಹೇಳ್ತೀನಿ ಕಣೆ."

ಕಂಡಕ್ಟರು ಮತ್ತೆ ಬಾಯಿಗಿಟ್ಟಿದ್ದ ಸೀಟಿಯನ್ನು ತೆಗೆದು, ಬಾಗಿಲು ಹಿಡಿದು ನಿಂತ.

"ಬನ್ನಿ ಅಕ್ಕ, ನಿಮ್ ಸೀಟು ಅಂಗೇ ಅದೆ."