ಮೂವತ್ತಾರರೊಳಗಿನ ಸೊಂಟ

ಬೆಳಿಗ್ಗೆ ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿದ ಟೈಲರಣ್ಣನ ಪ್ಯಾಂಟಿನ ಗುಂಡಿ ಟಣ್ಣನೆ ಹಾರಿ ಹೆಂಡತಿಯ ಚಹಾ ಲೋಟದೊಳಗೆ ಬಿತ್ತು. ಬೇರೆ ಯಾರೋ ಹೊಲಿದ ಪ್ಯಾಂಟಾಗಿದ್ದರೆ ದಾರವನ್ನು ಬೈದು ಪಾರಾಗಬಹುದಿತ್ತು. ಇದೋ, ಅವನೇ ಹೊಲಿದದ್ದು.

ಹೆಂಡತಿ ಚಮಚದಲ್ಲಿ ಗುಂಡಿಯನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಸಾಯಂಕಾಲ ನಮ್ಮ ಬೀದಿ ಹಾಲ್‌ಗೆ ನರ್ಸಮ್ಮ ಬರ್ತಾರಂತೆ. ಎಲ್ಲರ ತೂಕ, ಸೊಂಟ ನೋಡ್ತಾರಂತೆ. ಗಂಡಸರ ಸೊಂಟ ಮೂವತ್ತಾರು ಇಂಚು ದಾಟಬಾರದಂತೆ ಕಣ್ರೀ. ದಾಟಿತೋ, ನಿಮ್ಮ ಬೆಣ್ಣೆ ಬನ್ನು ಇವತ್ತಿಗೇ ಬಂದ್!"

ದಿನವಿಡೀ ಮಿಷನ್ ತುಳಿಯುವ ಟೈಲರಣ್ಣನಿಗೆ ಇದ್ದದ್ದೇ ಅದೊಂದು ಸುಖ. ಸಂಜೆ ಎದುರಿನ ಬೇಕರಿಯಿಂದ ಬಿಸಿ ಬನ್ನು ಬರುತ್ತದೆ, ಬೆಣ್ಣೆ ಕರಗಿ ಬೆರಳಿಗಿಳಿಯುತ್ತದೆ ಎಂಬ ಆಸೆಯಲ್ಲೇ ಅವನು ಹತ್ತಾರು ಕಾಲರ್ ಹೊಲಿದು ಬಿಸಾಕುತ್ತಿದ್ದ.

ಅಂಗಡಿಗೆ ಬಂದವನೇ ಬೇಕರಿಯವನಿಗೆ ಗೋಳು ಹೇಳಿಕೊಂಡ. ಖಾಯಂ ಗಿರಾಕಿ ಕೈತಪ್ಪುವ ಭಯಕ್ಕೆ ಬೇಕರಿಯವನು ಓಡಿಬಂದು, ಹಿಟ್ಟಿನ ಹದ ನೋಡುವ ಹಾಗೆ ಅವನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದ.

"ಕೊಬ್ಬು ಅಳೆಯೋದು ಹೀಗೇ ಅಂತೆ. ಚೆನ್ನಾಗಿ ಉಬ್ಬಿದೆ ಬಿಡಿ!"

"ನಿನ್ನ ಬನ್ನೇ ಕಣಯ್ಯಾ ಅಲ್ಲಿರೋದು!" ಎಂದು ರೇಗಿದ ಟೈಲರಣ್ಣ.

ಅಷ್ಟರಲ್ಲಿ ಪಕ್ಕದ ಸೆಲೂನಿನವನು ಬಂದ. "ತೂಕ ಇಳಿಸ್ಬೇಕಾ? ಕೂದಲಿಗೇನು ತೂಕ ಇಲ್ವಾ? ಕೂತ್ಕೊಳಿ" ಎಂದು ಎಳೆದೊಯ್ದು, ಬೇಡ ಬೇಡವೆಂದರೂ ಬಿಡದೆ ತಲೆಯನ್ನು ನುಣ್ಣಗೆ ಮಾಡಿಬಿಟ್ಟ. ವಾಪಸ್ ಬಂದು ಟೇಪು ಸುತ್ತಿ ನೋಡಿದರೆ ಸೊಂಟ ಮೂವತ್ತೆಂಟು! ಕೂದಲು ಹೋಯಿತು, ಹೊಟ್ಟೆ ಅಲ್ಲೇ ಇತ್ತು.

ಆಗ ಅವನ ಕಣ್ಣು ಮೊಳೆಗೆ ನೇತುಹಾಕಿದ್ದ ಹಳೆಯ ಟೇಪಿನ ಮೇಲೆ ಬಿತ್ತು. ವರ್ಷಗಟ್ಟಲೆ ಎಳೆದೆಳೆದು ಅದು ಹಿಗ್ಗಿಹೋಗಿತ್ತು. ಅದರಲ್ಲಿ ಅಳೆದರೆ ಎಲ್ಲವೂ ಕಡಿಮೆಯೇ ಬರುತ್ತಿತ್ತು. ಹೋದ ವರ್ಷ ಅದರಲ್ಲೇ ಸೆಲೂನಿನವನ ಅಳತೆ ತೆಗೆದು, ಹೊಸ ಟೇಪಿನಲ್ಲಿ ಬಟ್ಟೆ ಕತ್ತರಿಸಿದ್ದ. ಪ್ಯಾಂಟು ಸೊಂಟಕ್ಕೇರಲಿಲ್ಲ. "ನೀನು ದಪ್ಪಗಾಗಿದೀಯ ಮಾರಾಯ" ಎಂದು ಸಾಗಹಾಕಿದ್ದ. ಪಾಪ, ಅವನು ಅಂದಿನಿಂದ ಹೊಟ್ಟೆ ಕರಗಿಸಲು ದಿನಾ ಬೆಳಗಾಗೆದ್ದು ಊರು ಸುತ್ತುತ್ತಿದ್ದ.

ಟೈಲರಣ್ಣ ಹಳೆಯ ಟೇಪು ಸುತ್ತಿ ನೋಡಿದ. ಮೂವತ್ತಾರಕ್ಕೆ ಕೂದಲೆಳೆಯಷ್ಟು ಕಮ್ಮಿ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆ ಹಾಲ್‌ನಲ್ಲಿ ಬೀದಿಗೆ ಬೀದಿಯೇ ಸಾಲು ನಿಂತಿತ್ತು. ತೂಕದ ಯಂತ್ರದಿಂದ ಇಳಿದ ಟೈಲರಣ್ಣ ಟೇಪನ್ನು ಜೇಬಿನಿಂದ ತೆಗೆದು, "ನನ್ನದರಲ್ಲೇ ಅಳೆಯಿರಿ ನರ್ಸಮ್ಮ, ಕಸುಬಿನ ಟೇಪು" ಎಂದ.

"ಟೈಲರ್ ಟೇಪು ಅಂದ್ಮೇಲೆ ಕೇಳ್ಬೇಕಾ?" ಎಂದು ನರ್ಸಮ್ಮ ಸೊಂಟಕ್ಕೆ ಸುತ್ತಿದಳು. "ಮೂವತ್ತಾರರೊಳಗೇ ಇದೆ. ಭೇಷ್!"

ಬೇಕರಿಯವನು ಚಪ್ಪಾಳೆ ತಟ್ಟಿದ. ಟೈಲರಣ್ಣ ಗೆದ್ದ ಮೋರೆಯಲ್ಲಿ ಹೆಂಡತಿಯತ್ತ ನೋಡಿದ.

"ಇರಿ ಅಣ್ಣಾ, ಎತ್ತರ ಬಾಕಿ ಇದೆ" ಎಂದ ನರ್ಸಮ್ಮ ಅವನನ್ನು ಗೋಡೆಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗುರುತು ಹಾಕಿ, ಕೈಯಲ್ಲಿದ್ದ ಅದೇ ಟೇಪನ್ನು ನೆಲದಿಂದ ಮೇಲಕ್ಕೆ ಎರಡು ಸಲ ಹಿಡಿದು ಕೂಡಿಸಿದಳು. "ಐದಡಿ ಎರಡಿಂಚು."

"ಅಯ್ಯಯ್ಯೋ!" ಹೆಂಡತಿ ಕೂಗಿಕೊಂಡಳು. "ಮದುವೆಯಾದಾಗ ಐದಡಿ ಆರಿಂಚು ಇದ್ರಲ್ಲಮ್ಮಾ! ನಾಲ್ಕಿಂಚು ಎಲ್ಲಿ ಹೋಯ್ತು?"

ನರ್ಸಮ್ಮನ ಮುಖ ಗಂಭೀರವಾಯಿತು. "ಇಷ್ಟೊಂದು ಕುಗ್ಗಬೇಕಾದ್ರೆ ಮೂಳೆ ಸವೆದಿರಬೇಕು. ಮೇಲಾಗಿ, ಈ ಎತ್ತರಕ್ಕೆ ಈ ತೂಕ ತೀರಾ ಜಾಸ್ತಿ. ನಾಳೆಯೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

"ಅದು... ಈ ಟೇಪು..." ಎಂದು ಬಾಯಿ ತೆರೆದ ಟೈಲರಣ್ಣ ಹಿಂದೆ ತಿರುಗಿದ. ಸಾಲಿನಲ್ಲಿ ಅವನ ಬೆನ್ನಿಗೇ ನಿಂತಿದ್ದವನು ಸೆಲೂನಿನವನು. ಕೈಯಲ್ಲಿ ಕತ್ತಿ ಹಿಡಿದು ದಿನಾ ಕತ್ತಿನ ಹತ್ತಿರ ಬರುವ ಆಸಾಮಿ. ಬಂದ ಮಾತನ್ನು ಟೈಲರಣ್ಣ ಗುಟುಕ್ಕನೆ ನುಂಗಿಕೊಂಡ.

ಮನೆಗೆ ಬಂದ ಮೇಲೂ ಹೆಂಡತಿಯ ಅಳು ನಿಲ್ಲಲಿಲ್ಲ. "ಬನ್ನು ತಿನ್ಕೊಳ್ಳಿ, ಬೆಣ್ಣೆ ತಿನ್ಕೊಳ್ಳಿ, ಏನಾದ್ರೂ ತಿನ್ಕೊಳ್ಳಿ. ನೀವು ಚೆನ್ನಾಗಿದ್ರೆ ಸಾಕು ನಂಗೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬನ್ನಿಗೆ ಅಪ್ಪಣೆ ಸಿಕ್ಕರೂ ಟೈಲರಣ್ಣನಿಗೆ ಸಂತೋಷವಾಗಲಿಲ್ಲ. ಅವಳ ಕೆಂಪಾದ ಕಣ್ಣು ನೋಡಲಾರದೆ, ಇದ್ದದ್ದನ್ನು ಇದ್ದ ಹಾಗೆ, ಸೆಲೂನಿನವನ ಪ್ಯಾಂಟಿನ ಸಮೇತ, ಒಪ್ಪಿಸಿಬಿಟ್ಟ.

"ಅಂದ್ರೆ ನೀವು ಕುಗ್ಗಿಲ್ವಾ?"

"ಒಂದು ನೂಲೂ ಇಲ್ಲ ಕಣೇ."

"ಮೂಳೆ?"

"ಕಲ್ಲು ಇದ್ದ ಹಾಗಿದೆ."

ಹೆಂಡತಿ ಅಳುತ್ತಲೇ ನಕ್ಕಳು, ನಗುತ್ತಲೇ ಅವನ ಬೋಳು ತಲೆಯ ಮೇಲೊಂದು ಮೊಟಕಿದಳು. ಟೈಲರಣ್ಣನೂ ಹಗುರಾಗಿ ನಕ್ಕ. ಆಮೇಲೆ ಅವಳು ಮೂಗೊರೆಸಿಕೊಂಡು ತಣ್ಣಗೆ ಕೇಳಿದಳು:

"ಹಾಗಾದ್ರೆ ಸೊಂಟ ಎಷ್ಟು?"